ಕಾಡಿನ ದಾರಿ ಕಡಿದವರ ಹೆಸರು ಯಾವ ಪುಸ್ತಕದಲ್ಲಿದೆ?

ಹಾಸ್ಟೆಲ್ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಅಂತ ಒಂದು ಕಾಲಂ ಇರುತ್ತೆ. ನಾವೆಲ್ಲ ಅಲ್ಲಿ ‘ಕೂಲಿ’ ಅಂತ ಬರೆದು ಬಂದವರು. ಯಾವ ಕೂಲಿ, ಎಲ್ಲಿ, ಯಾರ ಹತ್ರ, ವರ್ಷಕ್ಕೆ ಎಷ್ಟು ದಿನ ಅಂತ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ, ಹೇಳೋದಕ್ಕೆ ನಾಚಿಕೆ. ಈ ಸಲ ಆ ಒಂದು ಪದವನ್ನು ಬಿಡಿಸಿ ನೋಡೋಣ.

ಶಿವಗಂಗೆ ಬೆಟ್ಟದಲ್ಲಿ ಸಂಕ್ರಾಂತಿಯ ಗಿರಿಜಾ ಕಲ್ಯಾಣ ಮುಗಿದು ಜನ ಇಳಿದು ಹೋದ ಮೇಲೆ ನೆಲಮಂಗಲದ ಸುತ್ತಿನ ಕುರುಚಲು ಕಾಡುಗಳಲ್ಲಿ ಹುಲ್ಲು ಒಣಗಿ ನಿಂತಿರುತ್ತೆ. ಅರಣ್ಯ ಇಲಾಖೆಗೆ ಆಳು ಬೇಕಾಗುವ ಕಾಲ ಅದು. ಮೇಸ್ತ್ರಿ ಹಟ್ಟಿಗೆ ಬಂದು ‘ಹತ್ತಾಳು ಬೇಕು’ ಅಂತಾನೆ. ಹೊಲ ತೋಟ ಇದ್ದವನು ಈ ಕೆಲಸಕ್ಕೆ ಬರೋದಿಲ್ಲ. ಭೂಮಿ ಇಲ್ಲದ ನಮ್ಮವರೇ ಮಚ್ಚು, ಕುಡುಗೋಲು, ಗುದ್ದಲಿ ಹಿಡಕೊಂಡು ಹೊರಡ್ತಾರೆ.

ಮೊದಲು ಬೆಂಕಿ ರೇಖೆ. ಕಾಡಿನ ಅಂಚಿಗೂ ದಾರಿಯ ಎರಡು ಮಗ್ಗುಲಿಗೂ ಇರುವ ಹುಲ್ಲು, ಲಂಟಾನ ಕಡಿದು ಒಣಗಲು ಬಿಡಬೇಕು. ಗಾಳಿ ಇಳಿದ ಹೊತ್ತು ನೋಡಿ ಅದನ್ನು ತಾವೇ ಸುಡಬೇಕು. ಕಿಡಿ ಆಚೆ ಹಾರಿದರೆ ಹಸಿ ಕೊಂಬೆ ಮುರಿದು ಬಡಿದು ಆರಿಸಬೇಕು. ಆಮೇಲೆ ಕಾಲುದಾರಿ: ಮಳೆಗೆ ಕೊಚ್ಚಿ ಹೋದ ಕಡೆ ಕಲ್ಲು ಕೂರಿಸೋದು, ನೀರು ದಾರಿ ಮೇಲೆ ಹರಿಯದಂತೆ ಪಕ್ಕಕ್ಕೆ ಕಾಲುವೆ ತೋಡೋದು, ಅಡ್ಡ ಬಿದ್ದ ಮರ ಸರಿಸೋದು. ಮೇ ತಿಂಗಳವರೆಗೆ ಬೆಂಕಿ ಕಾವಲು. ಮುಂಗಾರಿಗೆ ಮೊದಲು ಗುಂಡಿ ತೆಗೆಯೋದು, ಮಳೆ ಬಿದ್ದ ಮೇಲೆ ಸಸಿ ನೆಡೋದು. ನರ್ಸರಿಯಲ್ಲಿ ನಮ್ಮ ಅವ್ವಂದಿರು ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬ್ತಾರೆ. ಇಷ್ಟೆಲ್ಲ ಆದ ಮೇಲೆ ‘ಈಗ ಕೆಲಸ ಇಲ್ಲ, ಹೇಳಿ ಕಳಿಸ್ತೀವಿ’ ಅನ್ನೋ ಮಾತು. ಮುಂದಿನ ಸಂಕ್ರಾಂತಿಗೆ ಅದೇ ಮೇಸ್ತ್ರಿ, ಅದೇ ಜನ, ಅದೇ ದಾರಿ. ಕೆಲಸದ ಹೆಸರು ಮಾತ್ರ ‘ತಾತ್ಕಾಲಿಕ’!

ಬೆಂಕಿ ತಾತ್ಕಾಲಿಕವೇ? 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸತ್ತರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರದ ಸಾವಿರಾರು ಎಕರೆ ಉರಿಯಿತು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೊಬ್ಬ ಅರಣ್ಯ ರಕ್ಷಕರು ಹೋದರು. ಫೆಬ್ರವರಿ ವರ್ಷ ವರ್ಷವೂ ಬರುತ್ತೆ, ಹುಲ್ಲು ವರ್ಷ ವರ್ಷವೂ ಒಣಗುತ್ತೆ. ಕಾಡು ಇರುವವರೆಗೆ ಇರುವ ಕೆಲಸ ಇದು. ಸತ್ತ ಆ ಇಬ್ಬರಿಗೆ ಯೂನಿಫಾರ್ಮ್ ಇತ್ತು, ಇಲಾಖೆಯ ಪುಸ್ತಕದಲ್ಲಿ ಹೆಸರಿತ್ತು. ಹರಿದ ಚಪ್ಪಲಿಯಲ್ಲಿ ಬೆಂಕಿಯ ಮುಂದೆ ನಿಂತ ದಿನಗೂಲಿಯ ಹೆಸರು ಎಲ್ಲಿದೆ?

ಇನ್ನೊಂದು ಕಡೆ ನೋಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದರು. ಸರ್ಕಾರ ಚಾರಣಕ್ಕೆ ತಡೆ ಹಾಕಿತು. ಆ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೆಟ್ ವ್ಯವಸ್ಥೆ ತಂದಿತು. ಬೆಂಗಳೂರಿನಿಂದ ಒಂದು ಭಾನುವಾರ ಬೆಟ್ಟ ಹತ್ತಲು ಬರುವವನ ಹೆಸರು ಹೀಗೆ ಕಂಪ್ಯೂಟರಿನಲ್ಲಿ ದಾಖಲಾಗುತ್ತೆ. ಅದು ಸರಿಯೇ, ನಮಗೆ ತಕರಾರಿಲ್ಲ. ಬೆಟ್ಟ ಎಲ್ಲರದೂ ಹೌದು, ನಮ್ಮ ಹುಡುಗರೂ ಹತ್ತಲಿ. ಆದರೆ ಒಂದು ದಿನ ನಡೆದವನಿಗೆ ದಾಖಲೆ ಇದೆ, ಇಪ್ಪತ್ತು ವರ್ಷ ದಾರಿ ಮಾಡಿದವನಿಗೆ ಇಲ್ಲ ಅಂದ್ರೆ ಇದು ಯಾವ ನ್ಯಾಯ?

ನಮ್ಮ ಗೆಳೆಯನೊಬ್ಬ ರಜೆಗೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದ: ‘ಎಷ್ಟು ವರ್ಸದಿಂದ ಕಾಡಿನ ಕೆಲಸಕ್ಕೆ ಹೋಯ್ತಿದ್ದೀಯಪ್ಪ?’

‘ನೀನು ಹುಟ್ಟೋಕೆ ಮುಂಚಿಂದ ಕಣ್ಲಾ.’

‘ಏನಾದ್ರು ಚೀಟಿ ಇಟ್ಟಿದ್ದೀಯಾ?’

‘ಚೀಟಿ ಯಾಕ್ಲಾ? ನಾನು ದುಡ್ದಿದ್ದು ಆ ಬೆಟ್ಟಕ್ಕೆ ಗೊತ್ತು.’

ಬೆಟ್ಟ ಕೋರ್ಟಿಗೆ ಬಂದು ಸಾಕ್ಷಿ ಹೇಳೋದಿಲ್ಲ. ಗೆಳೆಯರೇ, ನಾವು ಹೇಳಬೇಕಾದ ಮಾತು ಇಲ್ಲೇ ಇದೆ.

ಕಾರ್ಮಿಕ ಕಾನೂನಿನಲ್ಲಿ 240 ದಿನ ಅಂತ ಒಂದು ಲೆಕ್ಕ ಇದೆ. ಹನ್ನೆರಡು ತಿಂಗಳಲ್ಲಿ ಅಷ್ಟು ದಿನ ದುಡಿದವನನ್ನು ನೋಟಿಸು, ಪರಿಹಾರ ಇಲ್ಲದೆ ಸುಮ್ಮನೆ ‘ಹೋಗು’ ಅನ್ನೋ ಹಾಗಿಲ್ಲ. ಆದರೆ ದುಡಿದದ್ದನ್ನು ತೋರಿಸಬೇಕಾದವರು ಯಾರು? ನಮ್ಮ ಕರ್ನಾಟಕದ ಅರಣ್ಯ ಇಲಾಖೆಯ ಒಬ್ಬ ರೇಂಜ್ ಆಫೀಸರಿಗೂ ಒಬ್ಬ ದಿನಗೂಲಿಗೂ ನಡೆದ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರಲ್ಲಿ ಕೋರ್ಟು, ಸಾಬೀತು ಮಾಡುವ ಹೊಣೆ ದುಡಿದವನದೇ, ಅವನು ಬರೆದುಕೊಟ್ಟ ಅಫಿಡವಿಟ್ ಒಂದೇ ಸಾಲದು, ಸಂಬಳ ಪಡೆದ ರಸೀತಿಯೋ ಆರ್ಡರೋ ಬೇಕು ಅಂದಿತು. ಕೂಲಿಯವ ಸೋತ. ಮಸ್ಟರ್ ರೋಲ್ ಇರೋದು ಆಫೀಸಿನ ಬೀರುವಿನಲ್ಲಿ, ಪುರಾವೆ ತರಬೇಕಾದವನು ಹೆಬ್ಬೆಟ್ಟಿನವನು!

ಮೂರು ವರ್ಷ ಬಿಟ್ಟು 2005ರಲ್ಲಿ ಇನ್ನೊಂದು ಕೇಸು, ಅದೂ ನಮ್ಮ ರಾಜ್ಯದ ದಿನಗೂಲಿಯದೇ. ಅವರ ಕೈಯಲ್ಲಿ ಇಂಜಿನಿಯರೊಬ್ಬರು ಇಷ್ಟರಿಂದ ಇಷ್ಟರವರೆಗೆ ದುಡಿದಿದ್ದಾರೆ ಅಂತ ಬರೆದುಕೊಟ್ಟ ಒಂದು ಸರ್ಟಿಫಿಕೇಟ್ ಇತ್ತು. ದಿನಗೂಲಿಗೆ ನೇಮಕದ ಆರ್ಡರು ಎಲ್ಲಿಂದ ಬರಬೇಕು, ಅವನು ಮಸ್ಟರ್ ರೋಲ್ ತರಿಸಿ ಅಂತ ಕೇಳಬಹುದು ಅಂತ ಅದೇ ಸುಪ್ರೀಂ ಕೋರ್ಟು ಹೇಳಿತು. ಅವರು ಗೆದ್ದರು. ಇಬ್ಬರ ಬೆವರಿಗೂ ವ್ಯತ್ಯಾಸ ಇರಲಿಲ್ಲ. ಒಬ್ಬರ ಹತ್ತಿರ ಒಂದು ಹಾಳೆ ಇತ್ತು.

ಕಾನೂನು ನಮ್ಮ ಕಡೆ ಇದೆ ಅಂತ ಸುಳ್ಳು ಹೇಳೋದಿಲ್ಲ. ನಮ್ಮ ರಾಜ್ಯದಲ್ಲಿ ದಿನಗೂಲಿಗಳಿಗೆ 1-7-1984 ಅಂತ ಒಂದು ಗೆರೆ ಎಳೆದರು. ಅದಕ್ಕೆ ಮೊದಲು ಸೇರಿದವರಿಗೆ ಏನೋ ಸಿಕ್ಕಿತು, ಆಮೇಲೆ ಸೇರಿದವರು ಹೊರಗೆ ಉಳಿದರು. 2006ರ ಉಮಾದೇವಿ ತೀರ್ಪು, ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಅಂತ ಕೇಳೋ ಹಕ್ಕಿಲ್ಲ ಅಂದಿತು. ಆದರೆ ಬಾಗಿಲು ಪೂರಾ ಮುಚ್ಚಿಲ್ಲ. ಮಹಾರಾಷ್ಟ್ರದ ಅರಣ್ಯ ಕೂಲಿಗಳ ಕೇಸಿನಲ್ಲಿ 1995ರಲ್ಲೇ ಸುಪ್ರೀಂ ಕೋರ್ಟು, ಜನರನ್ನು ವರ್ಷಗಟ್ಟಲೆ ತಾತ್ಕಾಲಿಕ ಅಂತಲೇ ಇಟ್ಟು ದುಡಿಸೋದು ಅನ್ಯಾಯ ಅಂದಿತ್ತು. 2024ರ ಡಿಸೆಂಬರಿನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸಿ ಗಿಡ ನೋಡಿಕೊಂಡಿದ್ದವರ ಕೇಸಿನಲ್ಲಿ, ಉಮಾದೇವಿ ತೀರ್ಪನ್ನು ಬಹುಕಾಲ ದುಡಿದವರ ಮೇಲೆ ಆಯುಧ ಮಾಡಿಕೊಳ್ಳಬೇಡಿ ಅಂತ ಹೇಳಿ ಅವರನ್ನು ಕಾಯಂ ಮಾಡಿಸಿತು. ಆದರೆ ಆ ಬಾಗಿಲಿಗೆ ಹೋಗಿ ನಿಲ್ಲೋದಕ್ಕೂ ಕೈಯಲ್ಲಿ ಕಾಗದ ಬೇಕು.

ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಯಾಕೆ? ಸರ್ಕಾರದ ಚಾಕರಿ ಮಾಡಬೇಕು, ಹೊತ್ತಿಗೆ ಮಿತಿ ಇಲ್ಲ, ಸರಿಯಾದ ಸಂಬಳ ಇಲ್ಲ, ಕರೆದಾಗ ಮನೆಮಂದಿಯೆಲ್ಲ ಹೋಗಬೇಕು. ನಮ್ಮ ಕಡೆಯ ತೋಟಿ ಚಾಕರಿಯೂ ಇದೇ. ಕಾಗದದ ಮೇಲೆ ಅದು ರದ್ದಾಗಿದೆ. ‘ಹೇಳಿ ಕಳಿಸ್ತೀವಿ’ ಅನ್ನೋ ಮಾತಿನಲ್ಲಿ ಅದು ಇನ್ನೂ ಉಸಿರಾಡ್ತಿದೆ.

ಹೊರಗಿನದೂ ಒಂದು ಮಾತು ತಿಳಿದಿರಲಿ. 1933ರಲ್ಲಿ ಅಮೆರಿಕದಲ್ಲಿ ಕೆಲಸವಿಲ್ಲದ ಯುವಕರನ್ನು ಅಧ್ಯಕ್ಷ ರೂಸ್‌ವೆಲ್ಟ್ ಕಾಡಿನ ಕೆಲಸಕ್ಕೆ ಸೇರಿಸಿಕೊಂಡ. 1942ರವರೆಗೆ ಸುಮಾರು 30 ಲಕ್ಷ ಜನ ದಾರಿ ಕಡಿದರು, ಗಿಡ ನೆಟ್ಟರು, ಬೆಂಕಿ ಆರಿಸಿದರು. ತಿಂಗಳಿಗೆ 30 ಡಾಲರ್, ಅದರಲ್ಲಿ 25 ನೇರ ಮನೆಗೆ. ಕಾಯ್ದೆಯಲ್ಲಿ ಬಣ್ಣದ ಭೇದ ಇಲ್ಲ ಅಂತ ಬರೆದಿದ್ದರೂ 1935ರಿಂದ ಕರಿಯ ಹುಡುಗರಿಗೆ ಬೇರೆ ಕ್ಯಾಂಪು ಮಾಡಿದರು. ಅಲ್ಲೂ ಒಂದು ಹೊಲಗೇರಿ! ಆದರೂ ಅವರ ಹೆಸರು ರಿಜಿಸ್ಟರಿಗೆ ಬಂತು. ಆ ದಾಖಲೆ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಮೊಮ್ಮಕ್ಕಳು ತಾತನ ಹೆಸರು ಹುಡುಕಿ ತೆಗೆಯಬಹುದು. ನಮ್ಮ ತಾತಂದಿರದ್ದು ಎಲ್ಲಿ ಹುಡುಕೋಣ?

ಆದ್ದರಿಂದ ಹಾಸ್ಟೆಲಿನ ಗೆಳೆಯರಿಗೆ ನಮ್ಮ ಕೋರಿಕೆ ಇಷ್ಟು. ಈ ರಜೆಗೆ ಊರಿಗೆ ಹೋಗುವಾಗ ಒಂದು ನೋಟ್ ಪುಸ್ತಕ ತಗೊಂಡು ಹೋಗಿ. ನಿಮ್ಮ ಹಟ್ಟಿಯಲ್ಲಿ ಕಾಡಿನ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರ ಹೆಸರು ಬರೆಯಿರಿ, ಹೆಂಗಸರದ್ದೂ ಸೇರಿಸಿ. ತಾರೀಖು, ಜಾಗ, ಏನು ಕೆಲಸ, ಎಷ್ಟು ಹೊತ್ತು, ಜೊತೆಗೆ ಯಾರ‍್ಯಾರಿದ್ದರು, ಬಟವಾಡೆ ಯಾವತ್ತು, ಎಷ್ಟು ಕೈಗೆ ಬಂತು ಅಂತ ದಿನದಿನದ್ದು ದಿನದಿನ ಬರೆಸಿ. ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಜೋಪಾನ ಮಾಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ಮಸ್ಟರ್ ರೋಲಿನ ನಕಲು ಕೇಳಿ. ಬಡತನ ರೇಖೆಯ ಕೆಳಗಿನವರಿಗೆ ಆ ಫೀಸೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಪುಸ್ತಕ, ಅವರ ಪುಸ್ತಕ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ.

ಒಂದು ಎಚ್ಚರಿಕೆ. ಒಬ್ಬನೇ ಲೆಕ್ಕ ಕೇಳಿದರೆ ಮುಂದಿನ ಸಂಕ್ರಾಂತಿಗೆ ಅವನೊಬ್ಬನನ್ನು ಬಿಟ್ಟು ಮಿಕ್ಕವರನ್ನು ಕರೀತಾರೆ. ಮನೆಯ ಒಲೆ ಆರಿದರೆ ನಮ್ಮ ಭಾಷಣ ಅನ್ನ ಹಾಕೋದಿಲ್ಲ. ಆದ್ದರಿಂದ ಬರೆದರೆ ಇಡೀ ಹಟ್ಟಿ ಬರೆಯಲಿ, ಅರ್ಜಿ ಕೊಟ್ಟರೆ ಎಲ್ಲರ ರುಜು ಒಟ್ಟಿಗೆ ಬೀಳಲಿ. ಅಪ್ಪ ಬೇಡ ಅಂದ್ರೆ ಜಗಳ ಮಾಡಬೇಡಿ. ಕೂತು ಆ ಎರಡು ಕೇಸಿನ ಕತೆ ಹೇಳಿ, ಅವರಿಗೆ ನಮಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ನಮ್ಮ ತಪ್ಪೂ ಇದೆ. ಭೂಮಿಯ ಬಗ್ಗೆ, ಮೀಸಲಾತಿಯ ಬಗ್ಗೆ ಎಷ್ಟೋ ಸಭೆ ಮಾಡಿದೆವು. ನಮ್ಮ ಮನೆಯ ಮಚ್ಚು ಯಾರ ಕೆಲಸಕ್ಕೆ ಹೋಗುತ್ತೆ ಅಂತ ಕೇಳಲಿಲ್ಲ. ಅಕ್ಷರ ಕಲಿತ ಮೊದಲ ತಲೆಮಾರು ನಾವು. ಅಪ್ಪನ ಬೆವರಿನಲ್ಲಿ ಕಲಿತ ಆ ಅಕ್ಷರದಲ್ಲಿ ಅಪ್ಪನ ಹಾಜರಿ ಬರೆಯದೆ ಹೋದರೆ ಇನ್ಯಾರು ಬರೀತಾರೆ?

ಮುಂದಿನ ಸಭೆಗೆ ಬರುವಾಗ ಪುಸ್ತಕ ತನ್ನಿ.