ಕಂಟ್ರೋಲ್-ಸಿ ಬಲ್ಲವರಿಗೆ ಕನ್ನಡ ಕಷ್ಟವೇ?



ನಮ್ಮ ಈ ಪತ್ರಿಕೆಯನ್ನು ಮುಂದಿನ ಸಂಚಿಕೆಯಿಂದ ಇಂಗ್ಲಿಷ್ ಲಿಪಿಯಲ್ಲಿ, ಅಂದರೆ ಮಾತು ಕನ್ನಡ, ಅಕ್ಷರ ಇಂಗ್ಲಿಷ್ ಎಂಬ ರೀತಿಯಲ್ಲಿ ತರಬೇಕೆಂದು ಕೆಲವು ಹಿರಿಯ ಸದಸ್ಯರು ಸಲಹೆ ಮಾಡಿದ್ದಾರೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದು ಬಹಳ ಕಷ್ಟ ಎಂಬುದು ಅವರು ಕೊಡುವ ಕಾರಣ. ಅವರ ಬಗ್ಗೆ ನಮಗೆ ಗೌರವವಿದೆ. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಹೆಗಲು ಕೊಡುವವರು ಅವರೇ. ಆದರೆ ಈ ಕಾರಣವನ್ನು ಮಾತ್ರ ನಾವು ಒಪ್ಪಲಾರೆವು.

ಕಷ್ಟ ಎನ್ನುತ್ತಿರುವವರು ಯಾರು? ಲೆಕ್ಕಪತ್ರ ನೋಡುವವರು, ಬ್ಯಾಂಕಿನವರು, ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಲ್ಲಿ ಮ್ಯಾನೇಜರರಾಗಿರುವವರು. ಬೆಂಗಳೂರಿನ ಕಂಪನಿಯ ಟ್ಯಾಲಿಯಲ್ಲಿ ಎಫ್ 5 ಪೇಮೆಂಟು, ಎಫ್ 6 ರಸೀದಿ, ಎಫ್ 7 ಜರ್ನಲ್ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವರು. ಎಕ್ಸೆಲ್‌ನಲ್ಲಿ ಆಲ್ಟ್ ಹಿಡಿದು ಸಮಚಿಹ್ನೆ ಒತ್ತಿ ಕಣ್ಣು ಮಿಟುಕಿಸುವುದರೊಳಗೆ ಮೊತ್ತ ತೆಗೆಯುವವರು. ಕಂಟ್ರೋಲ್-ಎಸ್ ಅಂತೂ ಯಾರೂ ಹೇಳಿಕೊಡಬೇಕಾಗಲಿಲ್ಲ. 2000ನೇ ಇಸವಿಯಲ್ಲಿ ಮಳೆಯಿಲ್ಲದೆ ಅಣೆಕಟ್ಟುಗಳು ಬತ್ತಿ ನೈರೋಬಿಗೆ ಪಾಳಿಯಲ್ಲಿ ಕರೆಂಟು ಬರುತ್ತಿದ್ದಾಗ ಸ್ಟಿಮವೇ ಅದನ್ನು ಕಲಿಸಿತು!

ಕಟ್, ಕಾಪಿ, ಪೇಸ್ಟ್ ಎಂಬುದನ್ನೇ ನೋಡಿ. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ಲ್ಯಾರಿ ಟೆಸ್ಲರ್ ಎಂಬುವರು ಜೊತೆಗಾರರೊಂದಿಗೆ ಇದನ್ನು ರೂಪಿಸಿದರು. (ತಾವು ಕೈಯಲ್ಲಿ ಹಿಡಿದಿರುವ ಈ ಹಾಳೆಗೆ ನಾವು ‘ಜೆರಾಕ್ಸ್’ ಎನ್ನುತ್ತೇವಲ್ಲ, ಅದೇ ಕಂಪನಿ.) ಮುಂದೆ ಆಪಲ್‌ನವರು ಅದಕ್ಕೆ ಕೀಲಿಮಣೆಯ ಕೆಳಸಾಲಿನಲ್ಲಿ ಅಕ್ಕಪಕ್ಕದಲ್ಲಿರುವ ಎಕ್ಸ್, ಸಿ, ವಿ ಕೀಲಿಗಳನ್ನು ಗೊತ್ತುಮಾಡಿದರು. ಸಿ ಎಂದರೆ ಕಾಪಿ, ಸರಿ. ವಿ ಎಂದರೆ ಪೇಸ್ಟ್ ಹೇಗಾಯಿತು? ಯಾರೂ ಕೇಳಲಿಲ್ಲ, ಎಲ್ಲರೂ ಕಲಿತರು. ಅಕ್ಷರಕ್ಕೂ ಕೆಲಸಕ್ಕೂ ಸಂಬಂಧವೇ ಇಲ್ಲದ ಕೀಲಿಯನ್ನು ಕಲಿತ ಬೆರಳಿಗೆ, ಕೆ ಒತ್ತಿದರೆ ‘ಕ’ ಬರುತ್ತದೆ ಎಂಬುದು ಕಷ್ಟವಾಯಿತೇ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಹಿಂದೆ ಕಷ್ಟವಿದ್ದದ್ದು ನಿಜ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಗುಪ್ತ ಸಂಕೇತ. ಊರಿನಿಂದ ಬಂದ ಲಗ್ನಪತ್ರಿಕೆಯ ಫೈಲು ಇಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಆ ಕಾಲ ಮುಗಿಯಿತು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡ ಅಕ್ಷರವೂ ಇತ್ತು, ಕೀಲಿಮಣೆಯೂ ಇತ್ತು. 2019ರಲ್ಲಿ ವಿಂಡೋಸ್ 10ಕ್ಕೆ ‘ಕನ್ನಡ ಫೋನೆಟಿಕ್’ ಸೇರಿತು, ವಿಂಡೋಸ್ 11ರಲ್ಲೂ ಇದೆ. ಈಗ ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೇಗೆ ಬರೆಯುತ್ತೀರೋ ಹಾಗೆಯೇ ಒತ್ತಿದರೂ ಪರದೆಯ ಮೇಲೆ ಕನ್ನಡ ಮೂಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಹೋಗಿ ಕನ್ನಡವನ್ನೂ ಅದರ ಆಯ್ಕೆಗಳಲ್ಲಿ ‘ಕನ್ನಡ ಫೋನೆಟಿಕ್’ ಕೀಲಿಮಣೆಯನ್ನೂ ಒಮ್ಮೆ ಸೇರಿಸಿಕೊಂಡರೆ ಸಾಕು. ಆಮೇಲೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಕೂಡ ಇದೇ ಕೆಲಸ ಮಾಡುತ್ತವೆ. ಮ್ಯಾಕ್ ಇರುವವರು ಕಂಟ್ರೋಲ್ ಮತ್ತು ಸ್ಪೇಸ್ ಒತ್ತಬೇಕು. ಕನ್ನಡಕ್ಕೆ ಬದಲಾಯಿಸಿದ ಮೇಲೆ ಕಂಟ್ರೋಲ್-ಸಿ, ಕಂಟ್ರೋಲ್-ವಿ ಕೆಲಸ ಮಾಡುವುದಿಲ್ಲವೇನೋ ಎಂಬ ಹೆದರಿಕೆ ಬೇಡ. ಎಲ್ಲವೂ ಮೊದಲಿನಂತೆಯೇ ನಡೆಯುತ್ತವೆ.

ಇನ್ನೂ ಬೇಗ ಬರೆಯಬೇಕೆನ್ನುವವರಿಗೆ ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮಾಡಿಕೊಟ್ಟ ವಿನ್ಯಾಸವಿದೆ. ಕರ್ನಾಟಕ ಸರ್ಕಾರ ಅದನ್ನೇ ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದೂ ಅದೇ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ನಡುವೆ ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದು ಒತ್ತು. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಏಳು ಬೇಕು. ‘ನಗರ’ಕ್ಕೆ ಮೂರು ಒತ್ತು, ಇಂಗ್ಲಿಷಿನಲ್ಲಿ ಆರು. ಈಗ ಹೇಳಿ, ಯಾವುದು ಕಷ್ಟ?

ಸ್ವಾಹಿಲಿಯವರು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಸುಖವಾಗಿಲ್ಲವೇ, ನಮಗೇನು ಅಡ್ಡಿ ಎಂದು ಒಬ್ಬರು ಕೇಳಿದ್ದಾರೆ. ಪ್ರಶ್ನೆ ಒಳ್ಳೆಯದೇ. ಹಿಂದೆ ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದ ಸ್ವಾಹಿಲಿಗೆ ಈ ಲಿಪಿ ಹೊಂದುತ್ತದೆ, ಏಕೆಂದರೆ ಅದಕ್ಕೆ ಐದು ಸ್ವರ ಸಾಕು. ನಮಗೆ ಹ್ರಸ್ವ ಬೇರೆ, ದೀರ್ಘ ಬೇರೆ, ಲ ಬೇರೆ, ಳ ಬೇರೆ. ಪಾರ್ಕ್‌ಲ್ಯಾಂಡ್ಸ್‌ನ ಗೇಟುಗಳ ಮೇಲೆ ‘ಎಂಬ್ವಾ ಕಾಲಿ’ ಎಂಬ ಫಲಕ ನೋಡಿದ್ದೀರಿ. ಅಲ್ಲಿಯ ಎರಡನೆಯ ಪದದ ನಾಲ್ಕು ಅಕ್ಷರಗಳನ್ನು ಎಲ್ಲರೂ ‘ನಾಯಿ ಜೋರಾಗಿದೆ’ ಎಂದೇ ಓದುತ್ತಾರೆ. ಅದೇ ನಾಲ್ಕು ಅಕ್ಷರ ನಮ್ಮ ಪತ್ರಿಕೆಯಲ್ಲಿ ಬಂದರೆ ಕಲಿಯೋ, ಕಳಿಯೋ, ಕಾಳಿಯೋ, ಖಾಲಿಯೋ? ‘ನಮ್ಮ ತಾತ ಹಳ್ಳಿಯಲ್ಲಿದ್ದರು’ ಎಂದು ಬರೆದರೆ ಮಕ್ಕಳು ತಾತನನ್ನು ಹಲ್ಲಿಯೊಳಗೆ ಕೂರಿಸುತ್ತಾರೆ!

ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಅವರಿಗಾಗಿ ಎಂಬ ಮಾತೂ ಬಂದಿದೆ. ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಓದಲು ಎಂದಿಗೆ ಬಂದೀತು? ಕಂಟ್ರೋಲ್-ಝಡ್ ಒತ್ತಿ ಅಪ್ಪನ ತಪ್ಪನ್ನೇ ಅಳಿಸಿಕೊಡುವ ಮಕ್ಕಳು ಅವರು. ಪಕ್ಕದ ಮನೆಯ ಗುಜರಾತಿಗಳು ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಲ್ಲವರಾದರೆ ಅವರೂ ಕೈಹಿಡಿದು ತೋರಿಸಬಹುದು, ಏಕೆಂದರೆ ಅದರಲ್ಲಿ ಗುಜರಾತಿಯ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’ ಇದೆ.

ಮಕ್ಕಳ ಮಾತು ಬಂದಿತು, ಅಜ್ಜಿಯರ ಮಾತನ್ನು ಯಾರೂ ಎತ್ತಲಿಲ್ಲ. ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ, ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಇಂಗ್ಲಿಷ್ ಅಕ್ಷರ ಒಂದೂ ಬಾರದು. ‘ಅಜ್ಜಿ, ಪರೀಕ್ಷೆ ಚೆನ್ನಾಗಿ ಮಾಡಿದೆ’ ಎಂದು ನೈರೋಬಿಯಿಂದ ಮೊಮ್ಮಗಳು ಇಂಗ್ಲಿಷ್ ಲಿಪಿಯಲ್ಲಿ ಕಳಿಸಿದರೆ, ಫೋನು ಹಿಡಿದುಕೊಂಡು ಪಕ್ಕದ ಮನೆಯ ಹುಡುಗ ಕಾಲೇಜಿನಿಂದ ಬರುವವರೆಗೆ ಅವರು ಕಾಯಬೇಕು. ಓದಲು ಬರುವ ಹೆಂಗಸನ್ನು ನಾವೇ ನಿರಕ್ಷರಿ ಮಾಡಿದಂತಾಯಿತು. ಈ ಪತ್ರಿಕೆಯ ಪ್ರತಿಯನ್ನು ಊರಿಗೆ ಕಳಿಸುವ ಕುಟುಂಬಗಳು ನಮ್ಮಲ್ಲಿವೆ. ಅಲ್ಲಿ ಅದನ್ನು ಯಾರು ಓದುತ್ತಾರೆ ಎಂದು ಸಲಹೆ ಕೊಟ್ಟ ಹಿರಿಯರು ಯೋಚಿಸಬೇಕು.

ಮುಂದಿನ ಸಂಚಿಕೆಗೆ ಲೇಖನ, ಅಡುಗೆ ವಿಧಾನ, ಮಕ್ಕಳ ಬರಹ ಏನೇ ಕಳಿಸಿದರೂ ಕನ್ನಡ ಅಕ್ಷರದಲ್ಲೇ ಕಳಿಸಿರಿ. ಇಂಗ್ಲಿಷ್ ಲಿಪಿಯಲ್ಲಿ ಬಂದ ಕನ್ನಡವನ್ನು ಹಿಂದಿರುಗಿಸುತ್ತೇವೆ, ನಾವು ಕೂತು ಬದಲಾಯಿಸುವುದಿಲ್ಲ. ಕೀಲಿಮಣೆ ಬೇಡವೇ ಬೇಡ ಎನ್ನುವವರು ಹಾಳೆಯ ಒಂದೇ ಮಗ್ಗುಲಲ್ಲಿ ಕೈಯಿಂದ ಬರೆದು ಕೊಡಬಹುದು. ಅದನ್ನು ಹಾಗೆಯೇ ಜೆರಾಕ್ಸ್ ಮಾಡಿ ಸೇರಿಸುತ್ತೇವೆ.