ಗುತ್ತಿಗೆಯ ವಿದ್ಯುತ್ ಕಾರು: ಕೊಳ್ಳತಕ್ಕದ್ದೇ, ಹಿಂದಿರುಗಿಸತಕ್ಕದ್ದೇ?

ಬೆಂಗಳೂರು ಮೊದಲಾದ ನಗರಗಳಲ್ಲಿ ಸಂಬಳದ ಮೇಲೆ ಜೀವಿಸುವ ಅನೇಕ ಗೃಹಸ್ಥರು ಕೆಲವು ವರ್ಷಗಳಿಂದೀಚೆಗೆ ವಿದ್ಯುತ್ ಕಾರುಗಳನ್ನು ಕ್ರಯಕ್ಕೆ ಕೊಳ್ಳದೆ, ತಾವು ಕೆಲಸ ಮಾಡುವ ಸಂಸ್ಥೆಗಳ ಮೂಲಕ ಗುತ್ತಿಗೆಗೆ ಪಡೆದಿರುವರು. ಮೂರು, ನಾಲ್ಕು ಅಥವಾ ಐದು ವರ್ಷಗಳ ಆ ವಾಯಿದೆಗಳು ಈಗ ಒಂದೊಂದಾಗಿ ತೀರುತ್ತಲಿವೆ. ವಾಯಿದೆ ತೀರಿದ ದಿನ ಗಾಡಿಯನ್ನು ಹಿಂದಿರುಗಿಸಬೇಕೇ, ಅಥವಾ ಕರಾರಿನಲ್ಲಿ ಕಂಡ ಉಳಿಕೆ ಬೆಲೆಯನ್ನು ತೆತ್ತು ಸ್ವಂತ ಮಾಡಿಕೊಳ್ಳಬೇಕೇ ಎಂಬುದು ಅವರ ಮುಂದಿರುವ ಪ್ರಶ್ನೆ. ಇದು ಒಬ್ಬೊಬ್ಬರ ಮನೆವಾರ್ತೆಯ ವಿಷಯ, ಇದರಲ್ಲಿ ಪತ್ರಿಕೆಯು ಪ್ರವೇಶಿಸಲು ಕಾರಣವೇನು ಎಂದು ಕೆಲವರು ಕೇಳಬಹುದು. ಐದಾರು ಲಕ್ಷ ರೂಪಾಯಿಗಳು ಮಧ್ಯಮ ವರ್ಗದ ಸಂಸಾರಕ್ಕೆ ಅಲ್ಪವಾದ ಮೊತ್ತವಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೂ ವೃದ್ಧರ ಔಷಧೋಪಚಾರಕ್ಕೂ ಕೂಡಿಟ್ಟ ಹಣವದು. ಅಲ್ಲದೆ, ಕೊಳ್ಳುವವನಿಗೆ ತಾನು ಕೊಳ್ಳುವ ವಸ್ತುವಿನ ನಿಜಸ್ಥಿತಿಯನ್ನು ತಿಳಿಯುವ ಹಕ್ಕಿದೆಯೇ ಇಲ್ಲವೇ ಎಂಬ ಸಾರ್ವಜನಿಕ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸುವುದು ಕರ್ತವ್ಯವೆಂದು ಭಾವಿಸಿರುತ್ತೇವೆ.

ಲೀಸ್ ಎಂದು ಕರೆಯಲ್ಪಡುವ ಈ ವ್ಯವಸ್ಥೆಯ ಸ್ವರೂಪವು ಸರಳವಾದದ್ದು. ಗುತ್ತಿಗೆಯ ಕಂಪೆನಿಯು ಕಾರನ್ನು ಕೊಂಡು ನೌಕರನ ಸಂಸ್ಥೆಗೆ ಕೊಡುವುದು. ಸಂಸ್ಥೆಯು ಅದನ್ನು ನೌಕರನ ಉಪಯೋಗಕ್ಕೆ ಬಿಟ್ಟು, ತಿಂಗಳ ಬಾಡಿಗೆಯನ್ನು ಅವನ ಸಂಬಳದಿಂದ ಆದಾಯ ತೆರಿಗೆಯ ಲೆಕ್ಕಕ್ಕೆ ಮುಂಚೆಯೇ ಮುರಿದುಕೊಳ್ಳುವುದು. ಇದರಿಂದ ತೆರಿಗೆಯ ಹೊರೆಯು ಕೊಂಚ ಹಗುರವಾಗುವುದು. ವಿಮೆ ಮತ್ತು ರಿಪೇರಿಯ ಖರ್ಚು ಅನೇಕ ಕರಾರುಗಳಲ್ಲಿ ಬಾಡಿಗೆಯೊಳಗೇ ಸೇರಿರುವುದು. ಕಾರನ್ನು ಕೊಂಡ ದಿನದಿಂದ ಈ ಎರಡು ಅನುಕೂಲಗಳೂ ನಿಲ್ಲುತ್ತವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಈ ವಿಚಾರದಲ್ಲಿ ಜನರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. “ಇದುವರೆಗೆ ಇಷ್ಟು ಲಕ್ಷ ಬಾಡಿಗೆ ಕಟ್ಟಿದ್ದೇವೆ, ಈಗ ಗಾಡಿಯನ್ನು ಬಿಟ್ಟುಕೊಟ್ಟರೆ ಅದೆಲ್ಲ ವ್ಯರ್ಥವಾಗುವುದಲ್ಲವೇ?” ಎಂದು ಅವರು ಕೊರಗುವರು. ಇದು ಸರಿಯಲ್ಲ. ಕಟ್ಟಿದ ಬಾಡಿಗೆಯು ಅಷ್ಟು ವರ್ಷ ಓಡಾಡಿದುದರ ಬೆಲೆ. ಅದು ಮುಗಿದ ಲೆಕ್ಕ. ಇಂದು ಕೇಳತಕ್ಕ ಪ್ರಶ್ನೆ ಒಂದೇ: ಈ ಸ್ಥಿತಿಯಲ್ಲಿರುವ ಈ ಗಾಡಿಗೆ ಇಂದಿನ ಪೇಟೆಯಲ್ಲಿ ಬೆಲೆಯೆಷ್ಟು? ಹಾಗೆಯೇ ಪೆಟ್ರೋಲಿನ ಖರ್ಚು ಉಳಿಯುವುದೆಂಬ ವಾದವೂ ಇಲ್ಲಿ ಸಲ್ಲದು. ಆ ಉಳಿತಾಯವು ಯಾವ ವಿದ್ಯುತ್ ಕಾರನ್ನು ಕೊಂಡರೂ ದೊರೆಯತಕ್ಕದ್ದು. ಇದೇ ಕಾರನ್ನು ಕೊಳ್ಳಬೇಕೆಂಬುದಕ್ಕೆ ಅದು ಕಾರಣವಾಗಲಾರದು.

ಲೆಕ್ಕವನ್ನೊಮ್ಮೆ ನೋಡೋಣ. ಹದಿನಾರು ಲಕ್ಷ ರೂಪಾಯಿ ಬೆಲೆಯ ಕಾರಿಗೆ ನಾಲ್ಕು ವರ್ಷಗಳ ಗುತ್ತಿಗೆಯಾಗಿ, ಉಳಿಕೆ ಬೆಲೆಯನ್ನು ಶೇಕಡಾ 35ರಂತೆ 5,60,000 ರೂಪಾಯಿ ಎಂದು ಗೊತ್ತುಮಾಡಿದ್ದರೆಂದು ಇಟ್ಟುಕೊಳ್ಳೋಣ. ಅಂತಹದೇ ಗಾಡಿಯು ಈಗ ಹಳೆಯ ಕಾರುಗಳ ಪೇಟೆಯಲ್ಲಿ 5,00,000 ರೂಪಾಯಿಗೆ ದೊರೆಯುವುದಾದರೆ, ಕರಾರಿನ ಬೆಲೆಗೆ ಕೊಳ್ಳುವವನು 60,000 ರೂಪಾಯಿಗಳನ್ನು ಹೆಚ್ಚಾಗಿ ತೆತ್ತಂತಾಯಿತು. ವಿದ್ಯುತ್ ಕಾರುಗಳಲ್ಲಿ ಹೀಗಾಗುವ ಸಂಭವವು ಪೆಟ್ರೋಲು ಕಾರುಗಳಿಗಿಂತ ಅಧಿಕ. ಏಕೆಂದರೆ ಉಳಿಕೆ ಬೆಲೆಯನ್ನು ನಿಶ್ಚಯಿಸಿದ್ದು ಅಂದಿನ ಬ್ಯಾಟರಿಯ ಬೆಲೆಯ ಮೇಲೆ. ಬ್ಯಾಟರಿಯ ಬೆಲೆಯಾದರೋ ಆ ಬಳಿಕ ಇಳಿಯುತ್ತಲೇ ಬಂದಿದೆ. ಬ್ಲೂಮ್‌ಬರ್ಗ್ ಸಂಸ್ಥೆಯವರ ಗಣನೆಯಂತೆ 2010ರಲ್ಲಿ ಒಂದು ಯೂನಿಟ್ ಶಕ್ತಿಯನ್ನು ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರುಗಳಿಗೂ ಮೇಲ್ಪಟ್ಟ ಬೆಲೆಯಿತ್ತು. 2024ರಲ್ಲಿ ಅದು 115 ಡಾಲರುಗಳಿಗೆ ಇಳಿದಿತ್ತು. ನಮ್ಮ ದೇಶದಲ್ಲಿಯೇ 2024ರ ಫೆಬ್ರುವರಿಯಲ್ಲಿ ಟಾಟಾ ಕಂಪೆನಿಯವರು ನೆಕ್ಸಾನ್ ವಿದ್ಯುತ್ ಕಾರಿನ ಬೆಲೆಯನ್ನು 1,20,000 ರೂಪಾಯಿಗಳವರೆಗೆ ಇಳಿಸಿದರು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯುವುದು ಸಹಜ. ಕರಾರಿನ ಕಾಗದದಲ್ಲಿ ಬರೆದ ಅಂಕಿಯು ಮಾತ್ರ ಇದ್ದಂತೆಯೇ ಇರುವುದು. ಆದುದರಿಂದ ಆ ಅಂಕಿಯನ್ನು ಶಿಲಾಶಾಸನವೆಂದು ತಿಳಿಯದೆ, ಪೇಟೆಯ ಧಾರಣೆಯನ್ನು ಮುಂದಿಟ್ಟು ಕಂಪೆನಿಯವರೊಡನೆ ಮಾತನಾಡಲು ಯಾರೂ ಸಂಕೋಚಪಡಬೇಕಾಗಿಲ್ಲ. ಬೆಲೆ ಕುಸಿದ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೊಬ್ಬರಿಗೆ ಮಾರುವ ತೊಂದರೆ ಅವರಿಗೂ ಬೇಡವಾಗಿರುವುದು.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. 2025ರ ಜನವರಿಯಿಂದ, ವ್ಯಾಪಾರಿ ಸಂಸ್ಥೆಗಳು ಮಾರುವ ಹಳೆಯ ವಿದ್ಯುತ್ ಕಾರುಗಳ ಮೇಲಿನ ಜಿ.ಎಸ್.ಟಿ. ದರವು ಶೇಕಡಾ 12ರಿಂದ 18ಕ್ಕೆ ಏರಿತು. ಆದರೆ ಕಂಪೆನಿಯು ಮೊದಲ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ವಜಾ ಪಡೆಯದೆ ಇದ್ದ ಪಕ್ಷದಲ್ಲಿ, ಈ ದರವು ಅನ್ವಯಿಸುವುದು ಗಾಡಿಯ ಪೂರ್ತಿ ಬೆಲೆಗಲ್ಲ, ಸವಕಳಿ ಕಳೆದ ಪುಸ್ತಕದ ಬೆಲೆಗಿಂತ ಹೆಚ್ಚಾಗಿ ಬಂದ ಲಾಭಾಂಶಕ್ಕೆ ಮಾತ್ರ. ಮೇಲಿನ ಉದಾಹರಣೆಯಲ್ಲಿ ಪುಸ್ತಕದ ಬೆಲೆ 5,20,000 ರೂಪಾಯಿ ಇದ್ದರೆ, ತೆರಿಗೆಯು 40,000 ರೂಪಾಯಿಯ ಮೇಲೆ 7,200 ರೂಪಾಯಿ. ಪೂರ್ತಿ ಬೆಲೆಯ ಮೇಲೆ ಹಾಕಿದರೆ 1,00,800 ರೂಪಾಯಿ! ತೆರಿಗೆಯನ್ನು ಯಾವ ಲೆಕ್ಕದಲ್ಲಿ ಹಾಕಿದ್ದೀರೆಂದು ಬರವಣಿಗೆಯಲ್ಲಿ ಕೇಳದೆ ಹಣ ತೆರುವುದು ವಿವೇಕವಲ್ಲ. ಸಾಲ ಮಾಡಿ ಕೊಳ್ಳುವವರಿಗೆ ಇನ್ನೊಂದು ಮಾತು: ವಿದ್ಯುತ್ ಕಾರಿನ ಸಾಲದ ಬಡ್ಡಿಗೆ ಹಿಂದೆ ದೊರೆಯುತ್ತಿದ್ದ 1,50,000 ರೂಪಾಯಿಗಳವರೆಗಿನ ಆದಾಯ ತೆರಿಗೆಯ ರಿಯಾಯಿತಿಯು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಸಲ್ಲತಕ್ಕದ್ದು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ದನಗಳ ಜಾತ್ರೆಯಲ್ಲಿ ನಮ್ಮ ರೈತನು ಎತ್ತಿನ ಬಾಯಿ ತೆರೆದು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ವ್ಯಾಪಾರಕ್ಕೆ ಕೈಯೊಡ್ಡುವನು. ಮೈಯ ಹೊಳಪನ್ನು ಕಂಡು ಅವನು ಮರುಳಾಗುವುದಿಲ್ಲ. ವಿದ್ಯುತ್ ಕಾರಿಗೆ ಬ್ಯಾಟರಿಯೇ ಹಲ್ಲು. ಹೊರಗಿನ ಬಣ್ಣ, ಒಳಗಿನ ಮೆತ್ತೆ, ಕನ್ನಡಿಯಂತಹ ಪರದೆ, ಇವು ಯಾವುವೂ ಅದರ ವಯಸ್ಸನ್ನು ಹೇಳುವುದಿಲ್ಲ. 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗಿ ಲಂಡನ್ನಿನ ಬೀದಿಗಳವರೆಗೆ ಹೋದ ರೇವಾ ಕಾರನ್ನು ಕೊಂಡವರು, ಸೀಸದ ಬ್ಯಾಟರಿ ಸೋತ ಮೇಲೆ ಗಾಡಿ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲವೆಂಬ ಪಾಠವನ್ನು ಅಂದೇ ಕಲಿತರು.

ಇಂದಿನ ಲಿಥಿಯಂ ಬ್ಯಾಟರಿಯು ಅದಕ್ಕಿಂತ ಎಷ್ಟೋ ದೀರ್ಘಾಯು ಎಂಬುದು ಸಂತೋಷದ ಸಂಗತಿ. ಸಾವಿರಾರು ಗಾಡಿಗಳನ್ನು ಪರಿಶೀಲಿಸಿದ ಕೆನಡಾದ ಜಿಯೊಟ್ಯಾಬ್ ಸಂಸ್ಥೆಯವರು ವರ್ಷಕ್ಕೆ ಸರಾಸರಿ ಶೇಕಡಾ 2ರ ಆಸುಪಾಸಿನಲ್ಲಿ ಶಕ್ತಿ ಕುಂದುವುದೆಂದು ಕಂಡಿರುವರು. ಅಂದರೆ ಹೊಸದರಲ್ಲಿ 300 ಕಿಲೋಮೀಟರು ಓಡುತ್ತಿದ್ದ ಕಾರು ನಾಲ್ಕು ವರ್ಷಗಳ ಮೇಲೆ ಸುಮಾರು 275 ಕಿಲೋಮೀಟರು ಓಡಬೇಕು. ಆದರೆ ಸರಾಸರಿಯೆಂಬುದು ಎಲ್ಲ ಗಾಡಿಗಳಿಗೂ ಅನ್ವಯಿಸುವುದಿಲ್ಲ. ಅತಿಯಾದ ಬಿಸಿಲು, ಸದಾ ವೇಗದ ಚಾರ್ಜಿಂಗ್, ಪೂರ್ತಿ ತುಂಬಿಸಿ ದಿನಗಟ್ಟಲೆ ನಿಲ್ಲಿಸುವುದು, ಇವುಗಳಿಂದ ಬ್ಯಾಟರಿಯು ಬೇಗ ಮುಪ್ಪಾಗುವುದು. ಗುತ್ತಿಗೆಯ ಕಾರನ್ನು ತಾನೇ ನಡೆಸಿದವನಿಗೆ ಈ ಚರಿತ್ರೆಯೆಲ್ಲ ಗೊತ್ತಿರುವುದು. ಅಪರಿಚಿತ ಗಾಡಿಯನ್ನು ಪೇಟೆಯಲ್ಲಿ ಕೊಳ್ಳುವವನಿಗೆ ಈ ಅನುಕೂಲವಿಲ್ಲ. ಪೇಟೆಯ ಧಾರಣೆಗಿಂತ ಅಷ್ಟಿಷ್ಟು ಹೆಚ್ಚು ಕೊಟ್ಟು ಸ್ವಂತ ಕೈಯಲ್ಲಿ ಪಳಗಿದ ಗಾಡಿಯನ್ನು ಉಳಿಸಿಕೊಳ್ಳುವುದಕ್ಕೆ ಇದೊಂದು ನ್ಯಾಯವಾದ ಕಾರಣವೆಂದು ನಾವೂ ಒಪ್ಪುತ್ತೇವೆ.

ಬ್ಯಾಟರಿಯ ಖಾತರಿಯು ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರು, ಇವುಗಳಲ್ಲಿ ಯಾವುದು ಮೊದಲೋ ಅದು. ನಾಲ್ಕು ವರ್ಷಗಳ ಗುತ್ತಿಗೆ ತೀರಿದಾಗ ಇನ್ನು ನಾಲ್ಕು ವರ್ಷಗಳು ಉಳಿದಿರುತ್ತವೆ. ಈಚೆಗೆ ಕೆಲವು ಕಂಪೆನಿಗಳು ಜೀವಿತಾವಧಿಯ ಖಾತರಿಯೆಂದು ಪ್ರಕಟಿಸಿರುವುದುಂಟು. ಆದರೆ ಅಂತಹ ಖಾತರಿಗಳು ಮೊದಲನೆಯ ಒಡೆಯನಿಗೆ ಮಾತ್ರ ಎಂಬ ನಿಬಂಧನೆಯನ್ನು ಒಳಗೊಂಡಿರುವುದುಂಟು. ಗುತ್ತಿಗೆಯಲ್ಲಿ ಮೊದಲನೆಯ ಒಡೆಯನು ಯಾರು? ಕಂಪೆನಿಯೇ, ಸಂಸ್ಥೆಯೇ, ನೌಕರನೇ? ಹೆಸರು ಬದಲಾದೊಡನೆ ಖಾತರಿಯು ಕುಗ್ಗುವುದೇ? ಕೊಳ್ಳುವ ಮುನ್ನ ಇದಕ್ಕೆ ಲಿಖಿತ ಉತ್ತರವನ್ನು ಪಡೆಯಲೇಬೇಕು. ಬ್ಯಾಟರಿಯನ್ನೇ ಪ್ರತ್ಯೇಕವಾಗಿ ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಎಂ.ಜಿ. ವಿಂಡ್ಸರ್ ಕಾರು 9,99,000 ರೂಪಾಯಿ ಬೆಲೆಗೆ, ಬ್ಯಾಟರಿಗೆ ಕಿಲೋಮೀಟರಿಗೆ ಮೂರೂವರೆ ರೂಪಾಯಿಯ ಬಾಡಿಗೆಯೊಡನೆ ಪೇಟೆಗೆ ಬಂದಿತು. ಇಂತಹ ಗಾಡಿಯನ್ನು ಕೊಂಡವನು ಎತ್ತಿನ ಒಡೆಯನಾದನು, ಹಲ್ಲಿನ ಒಡೆಯನಾಗಲಿಲ್ಲ!

ಕೊಳ್ಳುವ ಹಕ್ಕೇ ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಅಮೆರಿಕೆಯ ಚರಿತ್ರೆಯಲ್ಲಿ ನಿದರ್ಶನಗಳಿವೆ. ಜನರಲ್ ಮೋಟಾರ್ಸ್ ಕಂಪೆನಿಯವರು 1996ರಿಂದ 1999ರವರೆಗೆ ಇವಿ1 ಎಂಬ 1,117 ವಿದ್ಯುತ್ ಕಾರುಗಳನ್ನು ತಯಾರಿಸಿ, ಒಂದನ್ನೂ ಮಾರದೆ ಗುತ್ತಿಗೆಗೆ ಮಾತ್ರ ಕೊಟ್ಟರು. ವಾಯಿದೆ ತೀರಿದ ಮೇಲೆ ಜನರು ಕೊಳ್ಳುತ್ತೇವೆಂದು ಬೇಡಿದರೂ ಕೊಡದೆ ಹಿಂದಕ್ಕೆ ತೆಗೆದುಕೊಂಡು ಬಹುಭಾಗವನ್ನು ಜಜ್ಜಿ ನಾಶಮಾಡಿದರು. 2005ರಲ್ಲಿ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿ ಉಳಿದಿದ್ದ 78 ಗಾಡಿಗಳಿಗೆ ಅವುಗಳ ಅಭಿಮಾನಿಗಳು 19 ಲಕ್ಷ ಡಾಲರು ಕೊಡಲು ಮುಂದೆ ಬಂದು ಹಗಲಿರುಳು ಕಾದು ಕುಳಿತರೂ ಫಲವಾಗಲಿಲ್ಲ. ಟೆಸ್ಲಾ ಕಂಪೆನಿಯವರೂ 2019ರಲ್ಲಿ, ಚಾಲಕನಿಲ್ಲದ ಟ್ಯಾಕ್ಸಿಗಳನ್ನು ನಡೆಸುವ ಉದ್ದೇಶದಿಂದ, ಮಾಡೆಲ್ 3 ಕಾರಿನ ಗುತ್ತಿಗೆದಾರರಿಗೆ ಕೊಳ್ಳುವ ಅವಕಾಶವನ್ನು ಕೊಡದೆ ಹೋದರು. ಆ ನಿಷೇಧವು ಸಡಿಲವಾದದ್ದು 2024ರ ನವೆಂಬರಿನಲ್ಲಿ. ಕರಾರಿನಲ್ಲಿ ಬರೆಯದ ಹಕ್ಕು ಒಡೆಯನ ಕೃಪೆಯಲ್ಲದೆ ಬೇರೆಯಲ್ಲ. ಗೇಣಿಯ ಕಾಲವನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಒಡೆತನವನ್ನು ಕೇಳಲು ಹೋದ ಗೇಣಿದಾರನಿಗೆ ಕೈಯಲ್ಲಿ ಕಾಗದವಿದ್ದರೆ ದಾರಿ ಸುಗಮ, ಬಾಯಿಮಾತಿನ ಗೇಣಿಯಾದರೆ ದುರ್ಗಮ. ಕಾರು ಹೊಲವಲ್ಲ ನಿಜ; ಆದರೆ ಕಾಗದದ ಮಹತ್ವವು ಎರಡರಲ್ಲಿಯೂ ಒಂದೇ.

ಗುತ್ತಿಗೆಯ ಕಂಪೆನಿಗಳ ಪರವಾಗಿಯೂ ಹೇಳತಕ್ಕ ಮಾತಿದೆ. ಹೊಸ ವಿದ್ಯೆಯ ಗಾಡಿಯು ನಾಲ್ಕು ವರ್ಷಗಳಲ್ಲಿ ಎಷ್ಟಕ್ಕೆ ಇಳಿಯುವುದೆಂಬ ಅಪಾಯವನ್ನು ಅವು ಹೊತ್ತುಕೊಂಡವು. ಆದುದರಿಂದಲೇ ಧೈರ್ಯವಿಲ್ಲದ ಅನೇಕರು ವಿದ್ಯುತ್ ಕಾರನ್ನು ಹತ್ತಿದರು. ವರ್ಷವರ್ಷಕ್ಕೆ ಸುಧಾರಿಸುತ್ತಿರುವ ವಸ್ತುವನ್ನು ಕೊಂಡು ಕಟ್ಟಿಕೊಳ್ಳುವುದೇಕೆ, ಹಿಂದಿರುಗಿಸಿ ಹೊಸದನ್ನು ಪಡೆಯಬಾರದೇ ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ದಿನವೂ ದೂರ ಪ್ರಯಾಣ ಮಾಡುವವರಿಗೆ, ಮನೆಯಲ್ಲಿ ಚಾರ್ಜಿಂಗಿನ ಅನುಕೂಲವಿಲ್ಲದವರಿಗೆ ಅದೇ ಸರಿಯಾದ ದಾರಿಯಾಗಬಹುದು. ಆದರೆ ಸಾಗಿದಷ್ಟು ಕಾಲವೂ ಬಾಡಿಗೆಯ ನೊಗವನ್ನು ಇಳಿಸದೆ ಇರುವುದು ಗೃಹಸ್ಥನಿಗೆ ಮಿತವ್ಯಯವಲ್ಲ. ಆರೋಗ್ಯವಾಗಿರುವ ಬ್ಯಾಟರಿಯ ಗಾಡಿಯನ್ನು ನ್ಯಾಯವಾದ ಬೆಲೆಗೆ ಕೊಂಡು ಇನ್ನೂ ಆರೇಳು ವರ್ಷ ಓಡಿಸಿದವನೇ ಕೊನೆಗೆ ಲಾಭ ಕಾಣುವನು.

ದೇಶದ ದೃಷ್ಟಿಯಿಂದಲೂ ಇದೇ ಶ್ರೇಯಸ್ಕರ. ಬ್ಯಾಟರಿಯ ಕೋಶಗಳಿಗೆ ನಾವು ಬಹುಮಟ್ಟಿಗೆ ಪರದೇಶಗಳ ಮುಖ ನೋಡುತ್ತಿದ್ದೇವೆ. 2021ರಲ್ಲಿ ಕೇಂದ್ರ ಸರ್ಕಾರದವರು 18,100 ಕೋಟಿ ರೂಪಾಯಿಗಳ ಪ್ರೋತ್ಸಾಹಕ ಯೋಜನೆಯನ್ನು ಮಂಜೂರು ಮಾಡಿದ್ದು ಈ ಪರಾವಲಂಬನವನ್ನು ತಪ್ಪಿಸಲೆಂದೇ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಪತ್ತೆಯಾಗಿರುವ ಲಿಥಿಯಂ ಅಂದಾಜು 1,600 ಟನ್ನು. ಅದು ಆಸೆಯನ್ನು ಹುಟ್ಟಿಸಬಲ್ಲದು, ಹಸಿವನ್ನು ತೀರಿಸಲಾರದು. ಹೀಗಿರಲು, ನಮ್ಮ ಹಣ ತೆತ್ತು ತರಿಸಿದ ಒಂದೊಂದು ಬ್ಯಾಟರಿಯೂ ಇಲ್ಲಿಯೇ ತನ್ನ ಪೂರ್ಣಾಯುಷ್ಯವನ್ನು ಸವೆಸುವಂತೆ ನೋಡಿಕೊಳ್ಳುವುದು ಸ್ವದೇಶಿ ಧರ್ಮದ ಇಂದಿನ ರೂಪವೆಂದರೆ ಅತಿಶಯೋಕ್ತಿಯಾಗದು.

ಸರ್ಕಾರದವರಲ್ಲಿ ನಮ್ಮ ಬೇಡಿಕೆಗಳು ಮೂರು. ಗುತ್ತಿಗೆಯ ಪ್ರತಿಯೊಂದು ಕರಾರಿನಲ್ಲಿಯೂ ಕೊಳ್ಳುವ ಮೊದಲ ಹಕ್ಕನ್ನೂ ಬೆಲೆಯ ಲೆಕ್ಕವನ್ನೂ ಮೊದಲ ದಿನವೇ ಬರೆಯುವಂತೆ ವಿಧಿಸಬೇಕು. ವಾಯಿದೆ ತೀರುವ ಒಂದು ತಿಂಗಳ ಮುಂಚೆ, ಬ್ಯಾಟರಿಯ ಆರೋಗ್ಯದ ಪ್ರಮಾಣಪತ್ರವನ್ನು ಕಂಪೆನಿಯು ತನ್ನ ಖರ್ಚಿನಲ್ಲಿ ಕೊಡಬೇಕು. ಖಾತರಿಯು ಗಾಡಿಯನ್ನು ಹಿಂಬಾಲಿಸಬೇಕೇ ಹೊರತು ಒಡೆಯನ ಹೆಸರನ್ನಲ್ಲ. ಇವು ಅಸಾಧ್ಯವಾದ ಕೋರಿಕೆಗಳಲ್ಲ. ಬ್ಯಾಟರಿಯ ಆರೋಗ್ಯವನ್ನು ಚಾಲಕನು ನೋಡುವಂತಿರಬೇಕೆಂದು ಕ್ಯಾಲಿಫೋರ್ನಿಯಾದವರು 2026ರ ಮಾದರಿಯ ಗಾಡಿಗಳಿಗೆ ನಿಯಮ ಮಾಡಿರುವರು. ಐರೋಪ್ಯ ಒಕ್ಕೂಟದವರು 2023ರ ಶಾಸನದಲ್ಲಿ ಪ್ರತಿಯೊಂದು ಕಾರಿನ ಬ್ಯಾಟರಿಗೂ ಅದರ ವಿವರಗಳ ದಾಖಲೆಯಿರಬೇಕೆಂದು ಗೊತ್ತುಮಾಡಿರುವರು.

ಅಲ್ಲಿಯವರೆಗೆ ವಾಚಕರು ತಮ್ಮ ಕಣ್ಣನ್ನು ತಾವೇ ತೆರೆದಿಟ್ಟುಕೊಳ್ಳಬೇಕು. ಅಧಿಕೃತ ಕಾರ್ಖಾನೆಯಿಂದ ಬ್ಯಾಟರಿಯ ಪರೀಕ್ಷೆಯ ವರದಿಯನ್ನು ಪಡೆಯಿರಿ. ಪೂರ್ತಿ ತುಂಬಿಸಿ ಓಡಿಸಿ ಕಿಲೋಮೀಟರನ್ನು ಬರೆದಿಡಿರಿ. ಇಂದಿನ ಪೇಟೆಯ ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಿರಿ. ಹಣ ಕೊಡುವ ಮುಂಚೆ ಗುತ್ತಿಗೆ ಮುಗಿದುದಕ್ಕೆ 35ನೇ ನಮೂನೆಯೂ, ಹೆಸರಿನ ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳೂ ಸಿದ್ಧವಾಗಿವೆಯೇ ನೋಡಿರಿ. ಇಷ್ಟೂ ಸರಿಯಾಗಿದ್ದರೆ ಕೊಳ್ಳಿರಿ. ಒಂದು ಉತ್ತರವಾದರೂ ಬಾರದೆ ಹೋದರೆ ಕೀಲಿಕೈಯನ್ನು ಮರಳಿಸಲು ಹಿಂಜರಿಯಬೇಡಿರಿ. ಕಾರು ಮತ್ತೊಂದು ದೊರೆಯುವುದು. ಕಷ್ಟದಿಂದ ಕೂಡಿಟ್ಟ ಹಣವು ಅಷ್ಟು ಸುಲಭವಾಗಿ ಮತ್ತೆ ಕೂಡಲಾರದು.