ಮಕ್ಕಳ ಮಾರಿ ನೋಡಿ ತಾಳಿಕೋ ಎನ್ನುವ ಮುನ್ನ

ನಮ್ಮ ಕಡೆ ಗಂಡನಿಂದ ಏಟು ತಿಂದು ಬಂದ ಹೆಣ್ಣುಮಗಳಿಗೆ ಮೊದಲು ಸಿಗುವುದು ಒಂದು ಲೋಟ ನೀರು. ಎರಡನೆಯದು ಒಂದು ಬುದ್ಧಿಮಾತು: "ಹೋಗ್ಲಿ ಬಿಡವ್ವಾ, ಮಕ್ಕಳ ಮಾರಿ ನೋಡಿ ತಾಳಿಕೋ." ಕೊಪ್ಪಳವಿರಲಿ, ಗಂಗಾವತಿಯಿರಲಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿರಲಿ, ತವರಿನವರು, ಓಣಿಯ ಹಿರಿಯರು, ಪಂಚರು ಎಲ್ಲರೂ ಈ ಮಾತನ್ನೇ ಹೇಳುತ್ತಾರೆ. ಕೆಲವೊಮ್ಮೆ ನಮ್ಮ ಸಂಘದ ಅಕ್ಕಂದಿರೂ ಹೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಯಾರೂ ಹೇಳುವುದಿಲ್ಲ. ಮಕ್ಕಳಿಗೆ ಅಪ್ಪ ಇರಲಿ, ತಲೆಯ ಮೇಲೆ ಸೂರು ಇರಲಿ, ನಾಳೆ ಮಗಳ ಲಗ್ನಕ್ಕೆ ಅಡ್ಡಿಯಾಗದಿರಲಿ ಎಂಬ ಕಾಳಜಿಯಿಂದಲೇ ಹೇಳುತ್ತಾರೆ.

ನಾನೂ ಹೇಳಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ನಮ್ಮ ಓಣಿಯ ಒಬ್ಬ ತಾಯಿ ಒಂದು ರಾತ್ರಿ ನನ್ನ ಮನೆಗೆ ಬಂದಿದ್ದಳು. ತುಟಿ ಒಡೆದಿತ್ತು. ಮದುವೆಯಾಗಿ ಹದಿನೈದು ವರ್ಷವಾದರೂ ತವರಿನಿಂದ ಬರಬೇಕಾಗಿದ್ದ ಬಂಗಾರದ ಜಗಳ ಮುಗಿದಿರಲಿಲ್ಲ. ಎಂ.ಎ. ಓದಿದ ನಾನು, ಓದದ ಹಿರಿಯರು ಹೇಳುವುದನ್ನೇ ಹೇಳಿ ಕಳಿಸಿದೆ. ಬಾಗಿಲ ಬಳಿ ಅವಳ ಮಗಳು ನಿಂತಿದ್ದಳು, ಎಂಟನೇ ಇಯತ್ತೆಯ ಹುಡುಗಿ. ಮೂರು ನಾಲ್ಕು ವರ್ಷದ ಮೇಲೆ ಅದೇ ಹುಡುಗಿ ನನ್ನ ತರಗತಿಗೆ ಬಂದಳು. ಒಂದು ದಿನ ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಹೇಳಿದಳು: "ಮೇಡಂ, ಅವತ್ತು ನೀವು ನಮ್ಮವ್ವಗ ಹೇಳಿದ್ದು ನನಗ ಕೇಳಿಸಿತ್ರಿ. ನಮ್ಮವ್ವ ಹೊಡಿಸ್ಕೊಳ್ಳೋದು ನನ್ನ ಸಲುವಾಗಿ ಅಂತ ಅವತ್ತು ತಿಳೀತ್ರಿ. ನಾನು ಹುಟ್ಟದಿದ್ರ ಆಕಿ ಪಾರಾಗ್ತಿದ್ಲು ಅನಿಸ್ತು."

ಆಗ ನನಗೆ ಉತ್ತರ ಹೊಳೆಯಲಿಲ್ಲ. ನಿವೃತ್ತಿಯ ಮೇಲೆ ಮಕ್ಕಳ ಮನಸ್ಸಿನ ಬೆಳವಣಿಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಮಕ್ಕಳ ಮಾರಿ ನೋಡು ಎನ್ನುವ ನಾವು ಆ ಮಾರಿಯನ್ನು ನಿಜವಾಗಿ ನೋಡಿಯೇ ಇಲ್ಲ.

"ಕೂಸಿಗೇನು ತಿಳೀತದ" ಎಂಬುದು ನಮ್ಮ ಮೊದಲ ಸಮಾಧಾನ. 2013ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಆರು ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸುಗಳನ್ನು ನಿದ್ದೆಯಲ್ಲಿರುವಾಗಲೇ ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ ಬೇರೆ ಬೇರೆ ಧ್ವನಿಗಳನ್ನು ಕೇಳಿಸಿದರು. ಜಗಳ ಹೆಚ್ಚಿರುವ ಮನೆಯ ಕೂಸುಗಳ ಮೆದುಳು ಸಿಟ್ಟಿನ ಧ್ವನಿಗೆ ಹೆಚ್ಚು ಕೆರಳುತ್ತಿತ್ತು, ಅದೂ ನಿದ್ದೆಯಲ್ಲಿ. ತೊಟ್ಟಿಲಲ್ಲಿ ಮಲಗಿದೆ, ಅದಕ್ಕೇನೂ ಕೇಳಿಸುವುದಿಲ್ಲ ಎಂದು ನಾವು ಅಂದುಕೊಳ್ಳುವುದು ತಪ್ಪು.

ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಮಾಡಿದ ಪ್ರಯೋಗ ಇನ್ನೂ ಸರಳ. ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬೇಕು, ಅಷ್ಟೇ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ತಾಯಿ ಅಲುಗದಿದ್ದರೆ ಮುಖ ತಿರುಗಿಸಿಕೊಂಡು ಅಳುತ್ತದೆ. ತಾಯಿ ಮತ್ತೆ ನಕ್ಕು ಮಾತಾಡಿಸಿದಾಗ ಕೂಸು ಮೆಲ್ಲಗೆ ಅವಳ ಕಡೆ ಮರಳುತ್ತದೆ. ದಿನವೂ ಹೆದರಿಕೆಯಲ್ಲಿ ಬದುಕುವ ತಾಯಿಯ ಮುಖ ಎಷ್ಟು ಹೊತ್ತು ಕಲ್ಲಾಗಿರುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಆ ಮುಖವನ್ನು ಕಲ್ಲು ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಸ್ವಲ್ಪ ದೊಡ್ಡ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಮೈಯಿಂದ ಹೇಳುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಚಾಳಿ ಮತ್ತೆ ಶುರುವಾಗುತ್ತದೆ. ಸಾಲಿಗೆ ಹೋಗುವ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ನಿದ್ದೆಯಲ್ಲಿ ಬೆಚ್ಚಿಬೀಳುತ್ತಾರೆ, ಅವ್ವನ ಸೆರಗು ಬಿಡುವುದಿಲ್ಲ. ನಾವು ದೃಷ್ಟಿ ತೆಗೆಯುತ್ತೇವೆ, ತಾಯತ ಕಟ್ಟಿಸುತ್ತೇವೆ, ಹುಲಿಗೆಮ್ಮನಿಗೆ ಹರಕೆ ಹೊರುತ್ತೇವೆ. ಹರಕೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಹೊಟ್ಟೆನೋವು ಯಾವ ರಾತ್ರಿಯ ಮರುದಿನ ಬಂತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಸಣ್ಣ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಏನೇ ಕೆಟ್ಟದ್ದಾದರೂ ಅದು ತಮ್ಮಿಂದಲೇ ಆಯಿತೆಂದು ಅವು ನಂಬಿಬಿಡುತ್ತವೆ. ನನ್ನ ವಿದ್ಯಾರ್ಥಿನಿ ನಂಬಿದ್ದೂ ಅದನ್ನೇ. ಆ ನಂಬಿಕೆಯನ್ನು ಗಟ್ಟಿ ಮಾಡಿದ್ದು ನನ್ನ ಬುದ್ಧಿಮಾತು.

ಇದು ಎಲ್ಲೋ ಕೆಲವು ಮನೆಗಳ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಆ ಸಮೀಕ್ಷೆಯಲ್ಲಿ ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚಿನ ಪ್ರಮಾಣ ನಮ್ಮದು. ಆ ಮನೆಗಳಲ್ಲಿ ಮಕ್ಕಳಿಲ್ಲವೇ? ಇನ್ನೊಂದು ಕಡೆ, ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅಲ್ಲಿನ ನಗರ, ಕೊಳೆಗೇರಿ ಮತ್ತು ಹಳ್ಳಿಗಳಲ್ಲಿ 16 ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಎಂಟು ಮಕ್ಕಳಲ್ಲಿ ಒಬ್ಬರಿಗೆ ಮನಸ್ಸಿಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು. ಅದಕ್ಕೆಲ್ಲ ಮನೆಯ ಹಿಂಸೆಯೇ ಕಾರಣ ಎಂದು ಹೇಳಲಾಗದು. ಆದರೆ ಇಷ್ಟು ಮಕ್ಕಳ ಸಂಕಟ ನಮ್ಮ ಕಣ್ಣಿಗೆ ಬೀಳದೇ ಇದೆಯಲ್ಲ!

ಮರೆತುಬಿಡುತ್ತಾರೆ ಎಂಬ ಮಾತೂ ಸುಳ್ಳು. 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಬಗ್ಗೆ ಕೇಳಿದ ಅಧ್ಯಯನವೊಂದು ಪ್ರಕಟವಾಯಿತು. ಕೇಳಿದ ಏಳು ಬಗೆಯ ಕಹಿ ಅನುಭವಗಳಲ್ಲಿ "ನಿಮ್ಮ ತಾಯಿಯನ್ನು ಹೊಡೆಯುತ್ತಿದ್ದರೇ?" ಎಂಬುದೂ ಒಂದು. ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಉಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ಹಲವು ಪಟ್ಟು ಹೆಚ್ಚಾಗಿದ್ದವು. ಹೃದಯದ ಕಾಯಿಲೆ ಕೂಡ ಹೆಚ್ಚಿತ್ತು. ತಾಯಿಗೆ ಬಿದ್ದ ಏಟು ಮಗುವಿನ ಮೈಯಲ್ಲಿ ಐವತ್ತು ವರ್ಷ ಉಳಿಯಬಲ್ಲದು.

ಹುಡುಗರ ವಿಷಯಕ್ಕೆ ಬರೋಣ. ಆಲ್ಬರ್ಟ್ ಬಂಡೂರ 1961ರಲ್ಲಿ ಪುಟ್ಟ ಮಕ್ಕಳೆದುರು ಗಾಳಿ ತುಂಬಿದ ಒಂದು ದೊಡ್ಡ ಗೊಂಬೆಯನ್ನು ದೊಡ್ಡವರಿಂದ ಹೊಡೆಸಿದ. ನೋಡಿದ ಮಕ್ಕಳು ತಾವೂ ಹಾಗೆಯೇ ಹೊಡೆದರು, ಅದೇ ಬೈಗುಳವನ್ನೂ ಆಡಿದರು. ಗಂಡಸು ಹೊಡೆಯುವುದನ್ನು ಕಂಡ ಗಂಡುಮಕ್ಕಳಲ್ಲಿ ಅದು ಇನ್ನೂ ಹೆಚ್ಚು. ಹೆಣ್ಣುಮಕ್ಕಳು ಕಲಿಯುವ ಪಾಠ ಬೇರೆ. ತಂದೆ ತಾಯಿಯನ್ನು ಹೊಡೆಯುವುದನ್ನು ಕಂಡು ಬೆಳೆದ ಹೆಂಗಸರು ತಾವೂ ಗಂಡನಿಂದ ಹಿಂಸೆ ಅನುಭವಿಸುವುದು ಹೆಚ್ಚು ಎಂದು ನಮ್ಮ ಕುಟುಂಬ ಸಮೀಕ್ಷೆಗಳೇ ಹೇಳುತ್ತವೆ. ಮಗಳ ಬಾಳಿಗಾಗಿ ತಾಯಿ ತಾಳಿಕೊಂಡರೆ, ಮಗಳು ಕಲಿಯುವುದು ತಾಳಿಕೊಳ್ಳುವುದನ್ನೇ.

ಹರೆಯದ ಮಕ್ಕಳ ಪಾಡು ಇನ್ನೂ ಸೂಕ್ಷ್ಮ. ಆ ವಯಸ್ಸಿನ ಮುಖ್ಯ ಪ್ರಶ್ನೆ "ನಾನು ಯಾರು, ನನ್ನ ಬೆಲೆ ಏನು" ಎಂಬುದು ಎಂದು ಎರಿಕ್ ಎರಿಕ್ಸನ್ 1950ರಲ್ಲೇ ಬರೆದಿದ್ದ. ಈ ಪ್ರಶ್ನೆಗೆ ನಮ್ಮ ಮನೆಗಳು ಕೊಡುವ ಉತ್ತರವೇನು? ಪಡಸಾಲೆಯಲ್ಲಿ ಕೂತು "ಇಷ್ಟು ತೊಲಿ ಬಂಗಾರ, ಒಂದು ಗಾಡಿ" ಎಂದು ಚೌಕಾಸಿ ನಡೆಸುತ್ತೇವೆ. ಒಳಗೆ ರೊಟ್ಟಿ ಬಡಿಯುತ್ತಿರುವ ಹದಿನಾರರ ಹುಡುಗಿ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಕುಷ್ಟಗಿ ಕಡೆಯ ಹೈಬ್ರಿಡ್ ಬೀಜದ ಪ್ಲಾಟುಗಳಲ್ಲಿ ದುಡಿದು ತಂದ ಕೂಲಿಯೂ ಅವಳ ಲಗ್ನಕ್ಕೇ ಜಮಾ. ಅಪ್ಪ ಅವ್ವ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದರೆ ತಮ್ಮ ತಂಗಿಯರಿಗೆ ತಾಯಿಯಾಗುವವಳೂ ಅವಳೇ. ಅಪ್ಪ ಕುಡಿದು ಬಂದ ರಾತ್ರಿ ಅವ್ವನ ಮುಂದೆ ಅಡ್ಡ ನಿಲ್ಲುವವಳೂ ಅವಳೇ. ಓದು ಹಿಂದೆ ಬೀಳದೆ ಇನ್ನೇನಾದೀತು? ನಾವು ಶಿಕ್ಷಕರು "ಲಕ್ಷ್ಯ ಇಲ್ಲ" ಎಂದು ಗದರಿಸಿ ಕೂರಿಸುತ್ತೇವೆ.

ಇಷ್ಟೆಲ್ಲ ಓದಿ ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬಾರದು. ಮನಶ್ಶಾಸ್ತ್ರವನ್ನೂ ಹೆಣ್ಣಿನ ಮೇಲೆ ಗೂಬೆ ಕೂರಿಸಲು ಬಳಸಿದವರಿದ್ದಾರೆ. 1951ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ತಾಯಿಯ ಪ್ರೀತಿ ಮಗುವಿನ ಮನಸ್ಸಿಗೆ ಎಷ್ಟು ಮುಖ್ಯ ಎಂದು ತೋರಿಸಿದ. ಕೂಡಲೇ, ದುಡಿಯಲು ಹೋಗುವ ತಾಯಂದಿರೇ ಮಕ್ಕಳನ್ನು ಕೆಡಿಸುತ್ತಾರೆ ಎಂದು ಕೆಲವರು ಬೊಬ್ಬೆ ಹಾಕಿದರು. ಮಕ್ಕಳು ಬೇಕಾದರೆ ಸಮಾಜ ಮೊದಲು ಹೆತ್ತವರಿಗೆ ಆಸರೆಯಾಗಬೇಕು ಎಂದೂ ಅವನೇ ಹೇಳಿದ್ದನ್ನು ಮರೆತರು. ಹೊಡೆಯುವ ಕೈಯನ್ನು ಬಿಟ್ಟು ಹೊಡೆಸಿಕೊಂಡ ಕೆನ್ನೆಯನ್ನು ವಿಚಾರಣೆಗೆ ಕರೆಯುವುದು ಪುರುಷ ಪ್ರಧಾನ ಸಮಾಜದ ಹಳೆಯ ಚಾಳಿ. ನಾವು ಅದಕ್ಕೆ ದನಿಗೂಡಿಸಬಾರದು.

ಇನ್ನು ಭರವಸೆಯ ಮಾತು. ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಹಲವರು ಕಬ್ಬಿನ ತೋಟದ ಕೂಲಿಗಳ ಮಕ್ಕಳು. ಬಡತನ, ಕುಡಿತ, ಜಗಳಗಳ ನಡುವೆ ಹುಟ್ಟಿ, ಕೆಟ್ಟೇಹೋಗುತ್ತಾರೆ ಎನ್ನಿಸಿದ್ದ ಮಕ್ಕಳಲ್ಲೂ ಮೂವರಲ್ಲಿ ಒಬ್ಬರು ಒಳ್ಳೆಯ, ಗಟ್ಟಿ ಮನುಷ್ಯರಾಗಿ ಬೆಳೆದರು. ಅವರ ಬಾಳಿನಲ್ಲಿ ಬಿಡದೆ ಜೊತೆಗಿದ್ದ ಒಬ್ಬ ದೊಡ್ಡವರು ಇದ್ದರು. ಅದು ಅಜ್ಜಿಯಾಗಿರಬಹುದು, ನೆರೆಯವಳಾಗಿರಬಹುದು, ಶಿಕ್ಷಕಿಯಾಗಿರಬಹುದು. ಗೆಳತಿಯರೇ, ಆ ಒಬ್ಬರು ನಮ್ಮ ಸಂಘದಲ್ಲೇ ಇದ್ದಾರೆ. ವಾರಕ್ಕೊಮ್ಮೆ ಉಳಿತಾಯದ ಹಣ ಎಣಿಸುವ ನಾವು, ಯಾರ ಮನೆಯ ಮಗು ಮಂಕಾಗಿದೆ ಎಂದು ಒಂದು ಗಳಿಗೆ ಕೇಳಿಕೊಳ್ಳಲಾರೆವೇ?

ಮಗುವಿಗೆ ಹೇಳಬೇಕಾದದ್ದು ಬಹಳವಿಲ್ಲ. "ಇದು ನಿನ್ನ ತಪ್ಪಲ್ಲ. ಹೊಡೆಯೋದು ತಪ್ಪು. ಹೆದರಿಕೆ ಆದಾಗ ನಮ್ಮ ಮನಿಗೆ ಬಾ." ಈ ಮೂರು ಮಾತು ಸಾಕು, ಆದರೆ ಮೂರನೆಯದನ್ನು ಹೇಳಿದ ಮೇಲೆ ಬಾಗಿಲು ತೆರೆದಿರಬೇಕು. ಜಗಳ ಬಿಡಿಸಲು ನಡುವೆ ಬರಬೇಡ, ಓಡಿ ಬಂದು ನಮ್ಮನ್ನು ಕರೆ ಎಂದೂ ದೊಡ್ಡ ಮಕ್ಕಳಿಗೆ ತಿಳಿಸಬೇಕು.

ತಾಯಿಗೆ "ಬಿಟ್ಟು ಬಾ" ಎಂದು ಅಪ್ಪಣೆ ಕೊಡುವುದೂ ನಮ್ಮ ಕೆಲಸವಲ್ಲ. ಬಿಟ್ಟು ಹೊರಡುವ ಹೊತ್ತೇ ಹಲವು ಸಲ ಹೆಚ್ಚು ಅಪಾಯದ್ದು. ನಿರ್ಧಾರ ಅವಳದು, ಆಸರೆ ನಮ್ಮದು. 2005ರ ಕೌಟುಂಬಿಕ ಹಿಂಸಾಚಾರ ಕಾಯ್ದೆಯಲ್ಲಿ ಮನೆ ಬಿಡದೆಯೇ ರಕ್ಷಣೆ ಕೇಳಬಹುದು. ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು. ಸಂರಕ್ಷಣಾಧಿಕಾರಿ ಯಾರೆಂದು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿರಿ. ನಾವು 498-ಎ ಎಂದು ಕರೆಯುತ್ತಿದ್ದ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಮಹಿಳಾ ಸಹಾಯವಾಣಿ 181, ಮಕ್ಕಳದು 1098, ಮನಸ್ಸಿನ ತೊಂದರೆಗೆ 14416. ಈ ಮೂರು ಸಂಖ್ಯೆಗಳನ್ನು ಸಂಘದ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿರಿ. ಮನೋವೈದ್ಯರೆಂದರೆ ಹುಚ್ಚರ ಡಾಕ್ಟರು ಎಂಬ ಅಂಜಿಕೆ ಬೇಡ. ಜಿಲ್ಲೆಯ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಪಕ್ಕದ ಬಳ್ಳಾರಿ. ನಿಮ್ಹಾನ್ಸ್ ಅಲ್ಲಿ 1985ರಲ್ಲಿ ಆರಂಭಿಸಿದ ಪ್ರಯೋಗವೇ ಮುಂದೆ ರಾಷ್ಟ್ರದ ಕಾರ್ಯಕ್ರಮವಾಯಿತು.

ನನ್ನ ಆ ವಿದ್ಯಾರ್ಥಿನಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡಬಲ್ಲೆ: ನಿಮ್ಮವ್ವ ಹೊಡೆಸಿಕೊಂಡದ್ದು ನಿನ್ನ ಸಲುವಾಗಿ ಅಲ್ಲ ಮಗಳೇ, ಹೊಡೆಯುವವನನ್ನು ನಾವ್ಯಾರೂ ತಡೆಯಲಿಲ್ಲ, ಅದಕ್ಕೆ. ಮುಂದಿನ ವಾರದ ಸಭೆಯಲ್ಲಿ ಯಾರಾದರೂ "ಮಕ್ಕಳ ಮಾರಿ ನೋಡಿ ತಾಳಿಕೋ" ಎಂದರೆ ದಯವಿಟ್ಟು ಅಲ್ಲಿಗೇ ಬಿಡಬೇಡಿ. ಆ ಮಕ್ಕಳನ್ನು ಯಾರು ಹೋಗಿ ಮಾತಾಡಿಸುತ್ತೀರಿ ಎಂದು ಕೇಳಿ, ಒಬ್ಬರ ಹೆಸರು ಬರೆದುಕೊಂಡೇ ಸಭೆ ಮುಗಿಸಿರಿ.